ನನ್ನದಲ್ಲ ಎಂದ ಡ್ರೈವರ್

ಗುರುತು ಹತ್ತದ್ದನ್ನು ನನ್ನದು ಎನ್ನಬಾರದು. ನದೀತೀರದ ಆ ಆಶ್ರಮದಲ್ಲಿ ಕಂಪ್ಯೂಟರ್ ವಿದ್ಯೆಯ ಮೊದಲ ಪಾಠವೇ ಇದು. ಆ ಬೆಳಿಗ್ಗೆ ಅಲ್ಲಿದ್ದವರೆಲ್ಲ ಅದನ್ನು ಮುರಿದರು.

ಸ್ನಾನಘಟ್ಟದ ಕಂಬದಲ್ಲಿ ಹಸಿರು ದೀಪ ಉರಿದರೆ ಜನ ನೀರಿಗಿಳಿಯಬಹುದು. ಕೆಂಪು ಉರಿದರೆ ಕೂಡದು. ನೀರಿನ ಮಟ್ಟ ಅಳೆಯುವ ಸಾಧನದ ಮಾತು ಕೇಳಿ ಆಶ್ರಮದ ಕಂಪ್ಯೂಟರ್ ದೀಪ ಬದಲಿಸುತ್ತಿತ್ತು. ಹಳೆಯ ಸಾಧನ ಕೆಟ್ಟಿತ್ತು. ಹೊಸದನ್ನು ತಂದು ಸೇತುವೆಯ ಕೆಳಗೆ ತೂಗುಹಾಕಿದ್ದರು. ಅದಕ್ಕೆ ಡ್ರೈವರ್, ಅಂದರೆ ಸಾಧನದ ಮಾತನ್ನು ಕಂಪ್ಯೂಟರಿಗೆ ತಿಳಿಸುವ ಪ್ರೋಗ್ರಾಂ, ಹೊಂದಿಸುವ ಕೆಲಸ ಶಿಷ್ಯ ಪಂಪಾಪತಿಯದು.

ದೀಪ ಹಸಿರಾಯಿತು. ಜನ ಇಳಿದರು. ಪಂಪಾಪತಿ ನಿರಾಳವಾಗಿ ಉಸಿರುಬಿಟ್ಟ.

ಗುರುಗಳು ಒಳಬಂದು ಪರದೆಯ ಮುಂದೆ ನಿಂತರು.

"ಹೊಸ ಸಾಧನ ಬಂದಾಗ ಕಂಪ್ಯೂಟರಿನ ಮೂಲ ಪ್ರೋಗ್ರಾಂ, ಕರ್ನಲ್, ಏನು ಮಾಡುತ್ತದೆ?"

"ಅದರ ಗುರುತಿನ ಸಂಖ್ಯೆ ಓದುತ್ತದೆ, ಗುರುಗಳೇ. ಆ ಸಂಖ್ಯೆ ಯಾವ ಡ್ರೈವರಿನ ಪಟ್ಟಿಯಲ್ಲಿದೆಯೋ ಅದನ್ನು ಕರೆದು, ಇದು ನಿನ್ನದಾ ನೋಡು ಎನ್ನುತ್ತದೆ."

"ಇದರ ಸಂಖ್ಯೆ ಯಾರ ಪಟ್ಟಿಯಲ್ಲಿತ್ತು?"

"ಯಾರದ್ದರಲ್ಲೂ ಇರಲಿಲ್ಲ. ಹಳೆಯ ಸಾಧನದ ಡ್ರೈವರಿನ ಪಟ್ಟಿಗೆ ನಾನೇ ಸೇರಿಸಿದೆ. ಎರಡೂ ನೀರು ಅಳೆಯುವಂಥವೇ ತಾನೆ?"

"ಡ್ರೈವರ್ ಒಪ್ಪಿತೇ?"

"ಮೊದಲು ಒಪ್ಪಲಿಲ್ಲ. ಸಾಧನವನ್ನು ಪರೀಕ್ಷಿಸಿ, ನನ್ನದಲ್ಲ ಎಂದಿತು. ಆ ಪರೀಕ್ಷೆಯ ಸಾಲುಗಳನ್ನು ತೆಗೆದುಹಾಕಿದೆ. ಆಮೇಲೆ ತಕರಾರಿಲ್ಲ."

"ಬಾಯಿ ಕಟ್ಟಿದ ಮೇಲೆ ಎಲ್ಲಿಯ ತಕರಾರು?"

ಆಶ್ರಮದ ವ್ಯವಸ್ಥಾಪಕ ದೇವೇಂದ್ರಪ್ಪ ಬಾಗಿಲಲ್ಲಿ ನಗುತ್ತ ನಿಂತಿದ್ದರು. "ಹುಡುಗನನ್ನು ಬೈಬೇಡಿ ಗುರುಗಳೇ. ನೋಡಿ, ನೀರು ಇಳೀತಾನೇ ಇದೆ!"

ಪರದೆಯ ಮೇಲಿನ ಅಂಕಿ ಇಳಿಯುತ್ತಿದ್ದುದು ನಿಜ.

ಗುರುಗಳು ಕಿಟಕಿ ತೆರೆದರು. "ಪಂಪಾಪತಿ, ಬೆಳಿಗ್ಗೆ ಪಂಚೆ ಒಗೆದೆಯಲ್ಲ, ಆ ಮೆಟ್ಟಿಲು ಎಲ್ಲಿದೆ ತೋರಿಸು."

ಪಂಪಾಪತಿ ಬಗ್ಗಿ ನೋಡಿದ. ಆ ಮೆಟ್ಟಿಲು ಕಾಣಲಿಲ್ಲ. ಅದರ ಮೇಲಿನದೂ ಕಾಣಲಿಲ್ಲ. ಒಬ್ಬ ತಾಯಿ ತನ್ನ ಕೂಸನ್ನು ನೀರಿಗೆ ಇಳಿಸುತ್ತಿದ್ದಳು.

ಅವನಿಗೆ ಆಗ ಹೊಳೆಯಿತು. ಹಳೆಯ ಸಾಧನ ನದಿಯ ತಳದಲ್ಲಿ ಕೂತು ಆಳ ಹೇಳುತ್ತಿತ್ತು. ಇದು ಸೇತುವೆಯಿಂದ ನೀರಿನವರೆಗಿನ ದೂರ ಹೇಳುತ್ತಿದೆ. ನೀರು ಏರಿದಷ್ಟೂ ಅಂಕಿ ಇಳಿಯುತ್ತದೆ.

ಓಡಿದ. "ಮೇಲೆ ಬನ್ನಿ! ಎಲ್ಲರೂ ಮೇಲೆ ಬನ್ನಿ!"

ಸೊಂಟದವರೆಗೆ ನೀರಲ್ಲಿದ್ದ ಒಬ್ಬ ಗದರಿದ: "ಹಸಿರು ದೀಪ ಕಾಣಲ್ವೇನೋ? ಕಣ್ಣು ಎಲ್ಲಿಟ್ಟಿದ್ದೀಯ?"

ಪಂಪಾಪತಿ ನೀರಿಗೆ ಹಾರಿ ಕೂಸನ್ನು ಎತ್ತಿಕೊಂಡ, ತಾಯಿಯ ತೋಳು ಹಿಡಿದು ಎಳೆದ. ಅಷ್ಟು ಹೊತ್ತಿಗೆ ಸೆಳೆತ ಉಳಿದವರ ಕಾಲಿಗೂ ತಾಗಿತ್ತು. ಎಲ್ಲರೂ ಹತ್ತಿ ಬಂದರು. ಕೊನೆಯವನು ದಡ ಹತ್ತುವಾಗ ಹಿಂದಿನ ಮೆಟ್ಟಿಲು ಮುಳುಗಿತು.

ಒದ್ದೆ ಬಟ್ಟೆಯಲ್ಲೇ ಅವನು ಪರದೆಯ ಮುಂದೆ ಬಂದು ಕೂತ. ತಲೆ ಎತ್ತಲಿಲ್ಲ.

ಗುರುಗಳು ಮೆಲ್ಲಗೆ ಹೇಳಿದರು: "ದೀಪ ಹಸಿರಾಗುವ ಮೊದಲೇ, ಕೆಲಸ ಸರಿಯಾಗಿದೆಯಾ ಎಂದು ದೇವೇಂದ್ರಪ್ಪ ಕೇಳಿದರು. ನಾನೂ ನೋಡದೆ ತಲೆಯಾಡಿಸಿದೆ. ಆಶ್ರಮದಲ್ಲಿ ಪಾಠ ಕಲಿತದ್ದು ಆ ಡ್ರೈವರ್ ಒಂದೇ."

ಪಂಪಾಪತಿ ತೆಗೆದಿದ್ದ ಸಾಲುಗಳನ್ನು ಮತ್ತೆ ಬರೆಯತೊಡಗಿದ.

ದೇವೇಂದ್ರಪ್ಪ ಹತ್ತಿರ ಬಂದರು. "ಏನು ತಪ್ಪಾಗಿತ್ತು ಅಂತ ಗೊತ್ತಾಯ್ತಲ್ಲ ತಮ್ಮಾ. ಅಂಕಿ ತಲೆಕೆಳಗು ಮಾಡು, ಮುಗೀತು. ದೂರದಿಂದ ಬಂದ ಜನ, ಸ್ನಾನ ಇಲ್ಲದೆ ವಾಪಸ್ ಕಳಿಸೋದಾ? ಒಂದು ಸಾಲಿನ ಕೆಲಸ."

ಒಂದೇ ಸಾಲು. ಪಂಪಾಪತಿಯ ಬೆರಳು ಅಲ್ಲೇ ನಿಂತಿತು. ಕಿಟಕಿಯಾಚೆ ಜನ ಗೊಣಗುವುದು ಕೇಳುತ್ತಿತ್ತು.

"ಇದರ ಅಂಕಿ ಅಡಿಯೋ ಮೀಟರೋ ನನಗೆ ತಿಳಿಯದು," ಎಂದ. "ಆಗಲ್ಲ ಸಾರ್."

ಪಟ್ಟಿಯಿಂದ ಹೊಸ ಸಾಧನದ ಸಂಖ್ಯೆಯನ್ನೂ ಅಳಿಸಿದ. ಈ ಸಾಧನಕ್ಕೆ ಡ್ರೈವರ್ ಇಲ್ಲ ಎಂದು ಪರದೆ ಹೇಳಿತು. ಅಳತೆ ಸಿಗದಿದ್ದರೆ ಕೆಂಪೇ ಉರಿಯಬೇಕೆಂಬ ನಿಯಮದಂತೆ ಘಟ್ಟದಲ್ಲಿ ದೀಪ ಕೆಂಪಾಯಿತು.

ದೇವೇಂದ್ರಪ್ಪ ಮುಖ ಗಂಟಿಕ್ಕಿ ಗುರುಗಳ ಕಡೆ ತಿರುಗಿದರು. "ನೀವಾದರೂ ಹೇಳಿ. ಹೊರಗೆ ಜನಕ್ಕೆ ನಾನು ಉತ್ತರ ಕೊಡಬೇಕು. ನೀರು ಎಷ್ಟಿದೆ?"

ಗುರುಗಳು ನದಿಯನ್ನೊಮ್ಮೆ ನೋಡಿದರು. ಪಂಚೆ ಎತ್ತಿ ಕಟ್ಟಿದರು.

"ನನಗೂ ಗೊತ್ತಿಲ್ಲ. ಪಂಪಾಪತಿ, ಕೋಲು ತಾ."