ಪದುಮವ್ವನ ಮೂಗುಬೊಟ್ಟು

ಹೊಳೆಯ ದಂಡೆಯ ಮೇಲೆ ನೇಮಣ್ಣನವರ ಮನೆ. ಅವರು ವಜ್ರ ನೋಡುವವರು. ಮಾರುವವರಲ್ಲ, ಕೊಳ್ಳುವವರಲ್ಲ, ಬರೀ ನೋಡುವವರು. ಮಾರುವವನೂ ಕೊಳ್ಳುವವನೂ ಅವರ ಜಗಲಿಗೆ ಬಂದು, ಅವರು ಹೇಳಿದ್ದನ್ನು ಕೇಳಿಕೊಂಡು ಹೋಗುತ್ತಿದ್ದರು.

ಜಗಲಿಯ ಮುಖ ಬಡಗಣ ದಿಕ್ಕಿಗೆ, ಬಿಸಿಲು ನೇರ ಬೀಳದ ಹಾಗೆ. ಮುಂದೆ ಒಂದು ಬಿಳಿ ಬಟ್ಟೆ, ಕೈಯಲ್ಲಿ ಒಂದು ಮಸೂರ. ಬೆಳಿಗ್ಗೆ ಎರಡು ತಾಸು ನೋಡಿದರೆ ಅವತ್ತಿನ ಕೆಲಸ ಮುಗಿಯಿತು. ದಣಿದ ಕಣ್ಣಿಗೆ ಹಳದಿಯೂ ಬಿಳಿಯಾಗಿ ಕಾಣುತ್ತದೆ ಎಂದು ಎದ್ದುಬಿಡುತ್ತಿದ್ದರು.

ನಲವತ್ತು ವರ್ಷದಲ್ಲಿ ಯಾವ ಕಲ್ಲಿಗೂ ಅವರು ದೋಷವಿಲ್ಲ ಎಂದು ಹೇಳಿದವರಲ್ಲ. ಎಷ್ಟು ಹುಡುಕಿದರೂ ಕುಂದು ಸಿಗದಿದ್ದರೆ, ‘ನನಗ ಕಾಣ್ಲಿಲ್ಲ’ ಎನ್ನುತ್ತಿದ್ದರು. ದೊಡ್ಡ ದೊಡ್ಡ ಸಾಹುಕಾರರು ಅಂಗಲಾಚಿದರೂ ಅದಕ್ಕಿಂತ ಒಂದು ಮಾತು ಹೆಚ್ಚು ಹೊರಡುತ್ತಿರಲಿಲ್ಲ.

ಶಿಷ್ಯ ಪಾಯಣ್ಣ ಅವರಲ್ಲಿಗೆ ಬಂದದ್ದು ಪೆಟ್ಟು ತಿಂದು. ಮದುವೆಯಲ್ಲಿ ಹೆಂಡತಿ ಪದುಮವ್ವನಿಗೆ ವಜ್ರವೆಂದು ಅವನು ತಂದ ಮೂಗುಬೊಟ್ಟಿನ ಕಲ್ಲು ಆರು ತಿಂಗಳಿಗೆ ಮಸುಕಾಯಿತು. ನೋಡಿದರೆ ಗಾಜು. ಓಣಿಯವರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು.

ಪಾಯಣ್ಣ ಅದನ್ನು ಹೊಳೆಗೆ ಎಸೆದು, ವಿದ್ಯೆ ಕಲಿತು ನನ್ನ ಕಣ್ಣಾರೆ ನೋಡಿ ಆರಿಸಿದ ವಜ್ರ ತರುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟ. ಚುಚ್ಚಿದ ಮೂಗು ಬರಿದಾಗಿದ್ದರೆ ಮುಚ್ಚಿಕೊಳ್ಳುತ್ತದೆ. ಪದುಮವ್ವ ಒಂದು ಬೇವಿನ ಕಡ್ಡಿಯನ್ನು ನುಣ್ಣಗೆ ಕೆತ್ತಿ ಅಲ್ಲಿ ಸಿಕ್ಕಿಸಿಕೊಂಡಳು.

ಅದಾಗಿ ನಾಲ್ಕು ವರ್ಷ. ಕಡ್ಡಿ ಇನ್ನೂ ಅಲ್ಲೇ ಇತ್ತು.

ಪಾಯಣ್ಣ ವಿದ್ಯೆಯನ್ನೇನೋ ಚೆನ್ನಾಗಿಯೇ ಕಲಿತ. ವಜ್ರದ ಮುಖ ಮಿಂಚಿ ಕಣ್ಣು ಕಟ್ಟುತ್ತದೆ. ಬಣ್ಣ ತಿಳಿಯಬೇಕಾದರೆ ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿ ಬೆನ್ನು ನೋಡಬೇಕು. ಜಾಣ ವ್ಯಾಪಾರಿ ಮೊದಲು ಹಳದಿ ಕಲ್ಲು ತೋರಿಸುತ್ತಾನೆ, ಆಮೇಲಿನದು ಹಾಲಿನಂತೆ ಕಾಣಲಿ ಎಂದು. ಅದಕ್ಕೆ ಹೋಲಿಸಿ ನೋಡುವ ಕಲ್ಲು ನಮ್ಮ ಗಂಟಿನಲ್ಲಿರಬೇಕು. ಬಂಗಾರದಲ್ಲಿ ಕೂರಿಸಿದ ಕಲ್ಲಿನ ಕುಂದು ಬಂಗಾರದ ಕೆಳಗೆ ಅಡಗಿರುತ್ತದೆ, ಬಿಡಿಗಲ್ಲನ್ನೇ ಕೊಳ್ಳಬೇಕು. ಇದೆಲ್ಲ ಅವನಿಗೆ ಬಾಯಿಪಾಠವಾಗಿತ್ತು.

ಆದರೆ ಕೊಳ್ಳಲು ಮಾತ್ರ ಆಗಲಿಲ್ಲ. ಒಂದರಲ್ಲಿ ಚುಕ್ಕೆ, ಒಂದರಲ್ಲಿ ಗೆರೆ, ಒಂದರ ಅಂಚು ಓರೆ. ಅಳೆದೂ ಸುರಿದೂ ಪ್ರತಿಯೊಂದನ್ನೂ ವಾಪಸು ಕಳಿಸುತ್ತಿದ್ದ. ಒಮ್ಮೆ ಮೋಸ ಹೋದವನ ಭಯ ಅದು, ಪಾಪ.

ಒಂದು ದಿನ ಊಟಕ್ಕೆ ಕೂತಾಗ ಪದುಮವ್ವ ರೊಟ್ಟಿ ಬಡಿಸುತ್ತ ಹೇಳಿದಳು. “ಮೊಸರಿನ್ಯಾಗ ಕಲ್ಲು ಹುಡುಕೋರನ್ನ ನೋಡೀನಿ. ನೀವು ಕಲ್ಲಿನ್ಯಾಗ ಕಲ್ಲು ಹುಡುಕ್ತೀರಿ.”

ಪಾಯಣ್ಣ ನಕ್ಕ. ಅವಳೂ ನಕ್ಕಳು. ಆಮೇಲೆ ಅದೇ ತಣ್ಣನೆಯ ದನಿಯಲ್ಲಿ, “ಬರೋ ಅಮಾಸಿಗೆ ಈ ಕಡ್ಡಿ ತಗದಬಿಡ್ತೀನಿ. ಮೂಗು ಮುಚ್ಚಿಕೊಳ್ಳಲಿ. ನೀವೂ ಹಗುರಾಗ್ತೀರಿ” ಎಂದಳು.

ಅವಳು ಬೈದಿದ್ದರೆ ಅವನು ಊಟ ಮುಗಿಸುತ್ತಿದ್ದ. ಬೈಯಲಿಲ್ಲ. ಅವನು ಅರ್ಧ ರೊಟ್ಟಿ ಹಾಗೇ ಬಿಟ್ಟು ಕೈ ತೊಳೆದ.

ಅಮಾವಾಸ್ಯೆಗೆ ಆರು ದಿನ ಉಳಿದಿತ್ತು. ಆ ವಾರವೇ ಆಚೆ ದಂಡೆಯ ವ್ಯಾಪಾರಿ ಬಾಳಪ್ಪ ದೋಣಿ ದಾಟಿ ಬಂದು, ಬಿಳಿ ಬಟ್ಟೆಯ ಮೇಲೆ ಮೂರು ಕಲ್ಲು ಇಟ್ಟ. ಸಂಜೆ ಬರುವುದಾಗಿ ಹೇಳಿ ಕಲ್ಲುಗಳನ್ನು ಅಲ್ಲೇ ಬಿಟ್ಟು ಹೋದ. ನೇಮಣ್ಣನವರ ಜಗಲಿಯಲ್ಲಿ ಬಿಟ್ಟ ಕಲ್ಲಿಗೆ ಬೀಗ ಬೇಕಿರಲಿಲ್ಲ.

ಪಾಯಣ್ಣ ಮಸೂರ ಹಿಡಿದ. ಮೊದಲನೆಯದು ಕಡಲೆಕಾಳಿನಷ್ಟು ದೊಡ್ಡದು. ಆದರೆ ತೂಕ ಕಳೆಯಬಾರದೆಂದು ಹೊಟ್ಟೆ ದಪ್ಪಗೆ ಬಿಟ್ಟು ಕೊರೆದಿದ್ದರು. ಎರಡನೆಯದು ಅಪ್ಪಟ ಬಿಳಿ, ಒಳಗೆ ಒಂದು ಕಲೆಯಿಲ್ಲ. ಆದರೆ ಚಪ್ಪಟೆ. ಮೂರನೆಯದು ಸಜ್ಜೆಕಾಳಿನಷ್ಟು ಸಣ್ಣದು. ಕೊರೆತ ಒಪ್ಪವಾಗಿತ್ತು, ಆದರೆ ಬೆನ್ನಿನಲ್ಲಿ ಮಜ್ಜಿಗೆಯ ತಿಳಿಯಂಥ ಹಳದಿ, ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ.

ಅವನು ಮಸೂರ ಕೆಳಗಿಟ್ಟ. ಮೂರೂ ಬೇಡ ಎನ್ನಲು ಬಾಯಿ ತೆರೆದವನಿಗೆ ಬೇವಿನ ಕಡ್ಡಿ ನೆನಪಾಯಿತು.

“ಗುರುಗಳ, ನೀವ ಒಂದು ಆರಿಸಿ ಕೊಡ್ರಿ” ಎಂದ.

“ಅದನ್ನ ದಿನಾ ನೋಡಾಂವ ನೀನೋ ನಾನೋ?”

“ನಾನ ರೀ.”

“ಎಷ್ಟು ದೂರದಿಂದ ನೋಡ್ತಿ?”

ಪಾಯಣ್ಣ ಮತ್ತೆ ಮಸೂರಕ್ಕೆ ಕೈ ಚಾಚಿದ. ನೇಮಣ್ಣನವರು ಮಸೂರವನ್ನು ಎತ್ತಿ ತಮ್ಮ ಧೋತರದ ಚುಂಗಿಗೆ ಗಂಟು ಹಾಕಿಕೊಂಡರು. ಒಳಗೆ ಹೋಗಿ ಒಂದು ಚೂರು ಜೇನುಮೇಣ ತಂದರು. ಮೊದಲ ಕಲ್ಲಿನ ಹೊಟ್ಟೆಗೆ ಮೇಣ ಮೆತ್ತಿ, ಅದನ್ನು ತಮ್ಮ ಮೂಗಿನ ಎಡಕ್ಕೆ ಅಂಟಿಸಿಕೊಂಡರು.

ಎಪ್ಪತ್ತು ವರ್ಷದ ಮುದುಕರು, ಬೋಳುತಲೆ, ಬಿಳಿ ಮೀಸೆ, ಮೂಗಿನ ಮೇಲೆ ವಜ್ರ. ಊಟಕ್ಕೆ ಕೂತಷ್ಟು ದೂರದಲ್ಲಿ ಅವನೆದುರು ಚಕ್ಕಳಮಕ್ಕಳ ಹಾಕಿ ಕೂತು, “ನಿನ್ನೆ ರೊಟ್ಟಿಗೆ ಪಲ್ಯ ಏನಿತ್ತು?” ಎಂದು ಕೇಳಿದರು.

ಪಾಯಣ್ಣ ನಗೆ ತಡೆದುಕೊಂಡು, ಬದನೆಕಾಯಿ ಎಂದ.

“ಉಪ್ಪು ಸರಿ ಇತ್ತೇನು?”

ಅವನು ಉತ್ತರಿಸುತ್ತ ನೋಡಿದ. ಕಲ್ಲು ದೊಡ್ಡದಾಗಿತ್ತು, ಆದರೆ ಒಳಗೆ ಹೋದ ಬೆಳಕು ತಳದಿಂದ ಸೋರಿಹೋಗುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇಂಥದ್ದಕ್ಕೇ ಇರಬೇಕು.

ನೇಮಣ್ಣನವರು ಅದನ್ನು ತೆಗೆದು ಎರಡನೆಯದನ್ನು ಅಂಟಿಸಿಕೊಂಡರು. ಮತ್ತೆ ಅದೇ ಪಲ್ಯ, ಅದೇ ಉಪ್ಪು. ಒಂದು ಕಲೆಯಿಲ್ಲದ ಆ ಬಿಳಿಗಲ್ಲು ಸತ್ತ ಮೀನಿನ ಕಣ್ಣಿನ ಹಾಗೆ ಮಂಕಾಗಿ ನೋಡಿತು.

ಮೂರನೆಯದನ್ನು ಅಂಟಿಸಿಕೊಂಡು ಅವರು ಉಪ್ಪಿನ ಮಾತಿಗೆ ಬರುವ ಮೊದಲೇ ಪಾಯಣ್ಣನಿಗೆ ನಗೆ ತಡೆಯಲಾಗಲಿಲ್ಲ. ಅವನ ನಗೆಗೆ ಮುದುಕರೂ ನಕ್ಕರು. ತಲೆ ಅಲುಗಿತು. ಕಲ್ಲಿನಿಂದ ಬೆಳಕು ಚಿಮ್ಮಿತು. ಹೊಳೆಯ ಕಡೆ ತಿರುಗಿದರೆ ಒಂದು ಬಣ್ಣ, ಬಾಗಿಲ ಕಡೆ ತಿರುಗಿದರೆ ಇನ್ನೊಂದು.

ಪಾಯಣ್ಣನ ನಗೆ ನಿಂತಿತು. “ಹಳದಿ ಎಲ್ಲಿ ಹೋತ್ರಿ?”

“ಬೆನ್ನಾಗ ಐತಿ.”

“ಚುಕ್ಕಿ?”

“ಎಲ್ಲಿತ್ತೋ ಅಲ್ಲೇ ಐತಿ.”

“ಹಂಗಾದ್ರ ನಾಲ್ಕು ವರ್ಷ ನಾ ಬೆನ್ನು ನೋಡಿದ್ದು ಸುಳ್ಳೇನ್ರಿ?”

ನೇಮಣ್ಣನವರು ಮೂಗಿನಿಂದ ಕಲ್ಲು ಬಿಡಿಸಿ ಮೇಣ ಒರೆಸಿದರು. “ಬೆನ್ನು ನೋಡ್ಲಾರ್ದ ಕೊಂಡಾಂವ ಮೋಸ ಹೋಗ್ತಾನ. ಬೆನ್ನ ನೋಡ್ಕೋತ ಕುಂತಾವನ ಹೆಂಡತಿ ಮೂಗಿನ್ಯಾಗ ಕಡ್ಡಿ ಇಟ್ಕೋತಾಳ.”

ಪಾಯಣ್ಣ ತಲೆ ತಗ್ಗಿಸಿದ. ಕಡ್ಡಿಯ ವಿಷಯ ಅವನು ಗುರುಗಳಿಗೆ ಎಂದೂ ಹೇಳಿರಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು ಎಲ್ಲವನ್ನೂ ನೋಡುವ ಗುರುಗಳಿಗೆ ಕಾಣದೆ ಇರುತ್ತದೆಯೇ.

ಸಂಜೆ ಬಾಳಪ್ಪ ಬಂದಾಗ ಪಾಯಣ್ಣ ಮೂರನೆಯ ಕಲ್ಲಿನ ಹಳದಿ ಎಷ್ಟು, ಚುಕ್ಕೆ ಎಲ್ಲಿ ಎಂದು ಹೇಳಿ, ಅದಕ್ಕೆ ತಕ್ಕ ಬೆಲೆಯನ್ನೂ ತಾನೇ ಹೇಳಿದ. ಬಾಳಪ್ಪ ಅವನ ಮುಖವನ್ನು ಒಮ್ಮೆ ನೋಡಿ, ಮರುಮಾತಿಲ್ಲದೆ ಒಪ್ಪಿಕೊಂಡ.

ಅಕ್ಕಸಾಲಿಗನ ಎದುರು ಪಾಯಣ್ಣ ತಾನೇ ಕೂತು ಕಟ್ಟಿಸಿದ. ಕಲ್ಲನ್ನು ಹಿಡಿಯುವ ಬಂಗಾರದ ಉಗುರುಗಳಲ್ಲಿ ಒಂದು ಸರಿಯಾಗಿ ಆ ಚುಕ್ಕೆಯ ಮೇಲೆ ಬಂತು. ಬಂಗಾರದ ಬಣ್ಣದಲ್ಲಿ ಉಳಿದ ಹಳದಿಯೂ ಕರಗಿತು. ಈಗ ಯಾರು ನೋಡಿದರೂ ಕುಂದು ಕಾಣುವಂತಿರಲಿಲ್ಲ.

ಅದೇ ಅವನಿಗೆ ಹೊಸ ಚಿಂತೆಯಾಯಿತು. ಗುರುಗಳ ಬಳಿ ಹೋಗಿ, ಚುಕ್ಕೆಯ ವಿಷಯ ಅವಳಿಗೆ ಹೇಳಲೋ ಬಿಡಲೋ ಎಂದು ಕೇಳಿದ. ಕಾಣದೆ ಇರುವುದನ್ನು ಎತ್ತಿ ಆಡಿ ಅವಳ ಸಂತೋಷ ಯಾಕೆ ಕೆಡಿಸಬೇಕು ಎಂಬುದು ಅವನ ವಾದ.

“ಗಾಜು ಕೊಟ್ಟಾಂವ ನಿನಗ ಏನರ ಹೇಳಿದ್ನೇನು?” ಎಂದು ನೇಮಣ್ಣನವರು ಕೇಳಿದರು, ಅಷ್ಟೇ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಪಾಯಣ್ಣ ಹೆಂಡತಿಯ ಅಂಗೈಯಲ್ಲಿ ಮೂಗುಬೊಟ್ಟು ಇಟ್ಟ. ಬೆನ್ನಿನ ಹಳದಿ ಹೇಳಿದ. ಉಗುರಿನ ಕೆಳಗಿನ ಚುಕ್ಕೆ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ಕಿವಿ ಕೆಂಪಾಯಿತು.

ಪದುಮವ್ವ ಎಲ್ಲ ಕೇಳಿ, “ಗಾಜಲ್ಲ ಹೌದಲ್ಲ?” ಎಂದಳು.

“ಅಲ್ಲ. ಆಣಿ ಮಾಡ್ತೀನಿ.”

“ಆಣಿ ಯಾಕ? ನೀವ ನೋಡೀರಲ್ಲ” ಎಂದು ಮುಖ ಮುಂದೆ ಮಾಡಿದಳು.

ನಾಲ್ಕು ವರ್ಷದ ಕಡ್ಡಿಯನ್ನು ಅವನೇ ತೆಗೆದ. ದಾರಿ ತೆರೆದೇ ಇತ್ತು. ಮೂಗುಬೊಟ್ಟು ಎಲ್ಲೂ ತಡೆಯದೆ ಕೂತಿತು. ಅವಳು ನೀರಿನ ಹಂಡೆಗೆ ಬಗ್ಗಿ ಮುಖ ನೋಡಿಕೊಂಡಳು, ಆ ಕಡೆ ತಿರುಗಿ ನೋಡಿದಳು, ಈ ಕಡೆ ತಿರುಗಿ ನೋಡಿದಳು. ಪಾಯಣ್ಣನಿಗೆ ಕಣ್ಣು ತುಂಬಿ ಕಲ್ಲು ಸರಿಯಾಗಿ ಕಾಣಲೇ ಇಲ್ಲ.

ಇಬ್ಬರೂ ಗುರುಗಳಿಗೆ ನಮಸ್ಕಾರ ಮಾಡಲು ಹೋದರು. ಪಾಯಣ್ಣ ತೆಂಗಿನಕಾಯಿ, ಬೆಲ್ಲ ಒಯ್ದಿದ್ದ. ನೇಮಣ್ಣನವರು ಪದುಮವ್ವನ ಮುಖವನ್ನು ದೂರದಿಂದಲೇ ನೋಡಿ, ಚಂದ ಕಾಣುತ್ತದೆ ತಾಯಿ ಎಂದು ಹರಸಿದರು. ಮಸೂರ ಮುಟ್ಟಲಿಲ್ಲ.

ಆದರೂ ಪಾಯಣ್ಣನಿಗೆ ಆಸೆ ಬಿಡಲಿಲ್ಲ. ಒಮ್ಮೆ ಮಸೂರ ಹಿಡಿದು ನೋಡಿ, ತಾನು ಆರಿಸಿದ್ದು ಯಾವ ದರ್ಜೆಯದೆಂದು ಹೇಳಬೇಕು ಎಂದು ಕೇಳಿಕೊಂಡ.

“ತಾಯೀ, ಆ ಕಡ್ಡಿ ಚೆಲ್ಲಿದೇನು?” ಎಂದು ನೇಮಣ್ಣನವರು ಕೇಳಿದರು.

ಪದುಮವ್ವ ಚೆಲ್ಲಿರಲಿಲ್ಲ. ನಾಚಿಕೊಂಡು ಸೆರಗಿನ ಗಂಟು ಬಿಚ್ಚಿ ಅದನ್ನು ಕೊಟ್ಟಳು.

ಅವರು ಬೇವಿನ ಕಡ್ಡಿಯನ್ನು ಬಿಳಿ ಬಟ್ಟೆಯ ಮೇಲೆ ಇಟ್ಟರು. ಧೋತರದ ಚುಂಗಿನಿಂದ ಮಸೂರ ಬಿಚ್ಚಿದರು. ಬಗ್ಗಿ, ಕಡ್ಡಿಯ ಬೆನ್ನು ನೋಡಿದರು, ಮುಖ ನೋಡಿದರು, ಬೆಳಕಿಗೆ ಹಿಡಿದು ಎರಡೂ ತುದಿ ನೋಡಿದರು. ಯಾವ ಕಲ್ಲನ್ನೂ ಅಷ್ಟು ಹೊತ್ತು ನೋಡಿದ್ದನ್ನು ಪಾಯಣ್ಣ ಕಂಡಿರಲಿಲ್ಲ.

ಕಡೆಗೆ ಅವರು ಮಸೂರವನ್ನು ಶಿಷ್ಯನ ಕೈಗೆ ಕೊಟ್ಟು ಹೇಳಿದರು.

“ಬರ್ಕೋ ಪಾಯಣ್ಣ. ಇದರಾಗ ದೋಷ ಇಲ್ಲ.”