ಬಸವನಹುಳು ಬಾರಿಸದ ಗಂಟೆ

ಅಯ್ಯೋ ಕೇಳ್ರೀ, ನಮ್ಮ ಬಸವನಹುಳುಗೆ ನಂಬೋಕೇ ಆಗದ್ದೊಂದು ಈಗಷ್ಟೇ ಆಗೋಯ್ತು! ಬುದ್ಧನ ಪಾದದ ಗುರುತಿರೋ ಬೆಟ್ಟ ಹತ್ತಿದೋರೆಲ್ಲ ತುದೀಲಿರೋ ಗಂಟೆ ಬಾರಿಸ್ಬೇಕು, ಅದು ಪದ್ಧತಿ. ಆ ಆಸೇಲೇ ಮಳೆಗಾಲದಿಂದ ತೆವಳ್ತಿದ್ದ ಹುಳು, ಅರ್ಧ ದಾರೀಲಿ ಕೂತಿದ್ದ ಅಜ್ಜಿಯ ಹೂಬುಟ್ಟಿ ಮೇಲೆ ನಿದ್ದೆ ಹೋಯ್ತು. ಕಣ್ಣು ಬಿಟ್ರೆ, ತುದಿ! ಅಜ್ಜಿ ಬುಟ್ಟಿ ಹೊತ್ಕೊಂಡು ಹತ್ತಿಬಿಟ್ಟಿದ್ಲು.

"ಬಾರಿಸೋ ತಮ್ಮಾ, ಯಾರು ನೋಡ್ತಾರೆ?" ಅಂತು ಗಂಟೆ ಪಕ್ಕ ಕೂತಿದ್ದ ಕೋತಿ.

"ನೀನು ಬಾರಿಸಿದ್ಯಾ?"

"ದಿನಾ! ಇಲ್ಲೇ ಹುಟ್ಟಿದೋನು ನಾನು, ನನಗೆ ಹತ್ತೋದೆಲ್ಲಿ ಬಂತು?"

ಹುಳು ಗಂಟೇನ ಕೇಳ್ತು, "ಅಕ್ಕಾ, ಅರ್ಧ ಬೆಟ್ಟಕ್ಕೆ ಅರ್ಧ ಸದ್ದು ಮಾಡ್ತೀಯಾ?"

"ಆಗಲ್ಲಪ್ಪಾ, ನನ್ನದು ಪೂರ್ತಿ ಸದ್ದೇ," ಅಂತು ಗಂಟೆ.

ಹುಳು ನಗ್ತಾ, ಇಳಿಯೋಕೆ ಹೊರಟ ಅಜ್ಜಿಯ ಬುಟ್ಟಿಗೇ ಮತ್ತೆ ಅಂಟ್ಕೊಳ್ತು. "ನಿದ್ದೆ ಹೋದ ಜಾಗದಲ್ಲೇ ಇಳಿದು, ಅಲ್ಲಿಂದ ತೆವಳ್ಕೊಂಡು ಬರ್ತೀನಕ್ಕಾ!"

ಗಂಟೆ ಹಗ್ಗ ಹುಳು ಮೂತಿ ಮುಂದೇನೇ ಇತ್ತು ಕಣ್ರೀ! ನೀವಾಗಿದ್ರೆ ಏನ್ಮಾಡ್ತಿದ್ರಿ?