ಹಸಿದ ಕೌದಿ

"ಗುರುಗಳೇ, ನೀವು ಕಲಿಸಿದ್ದೆಲ್ಲವನ್ನೂ ಪರದೇಶದವರು ಒಪ್ಪುವುದಿಲ್ಲ. ಅಡ್ಡ ಬರುವುದನ್ನು ತೆಗೆದು, ಉಳಿದದ್ದನ್ನಷ್ಟೇ ಅವರಿಗೆ ಕಲಿಸಿದರೆ ತಪ್ಪೇ?"

ಕೇಳಿದವನು ಬೋಧನೆಗೆಂದು ಬೇರೆ ದೇಶಕ್ಕೆ ಹೊರಟಿದ್ದ ಶಿಷ್ಯ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಅತ್ತೆ ಕೌದಿ ಹೊಲಿಯುವವಳು. ಹಳೆಯ ಸೀರೆ, ಹಳೆಯ ಧೋತರ, ಯಾರದೋ ಅಂಗಿಯ ತುಂಡು, ಎಲ್ಲವನ್ನೂ ಪದರ ಪದರವಾಗಿ ಹಾಸಿ, ಅಂಚಿನಿಂದ ಹೊಲಿಗೆ ಹಿಡಿದು, ಸುತ್ತುತ್ತ ಸುತ್ತುತ್ತ ನಡುವಿಗೆ ಬರುವಳು. ನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚಿಟಿಕೆ ಜೋಳ ಹಾಕಿ, ಮೇಲೊಂದು ತೇಪೆ ಹೊಲಿದರೆ ಕೌದಿ ಮುಗಿಯಿತು. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಹೊರಗೆ ಕಳಿಸಬಾರದು, ಕಳಿಸಿದರೆ ಹೊದ್ದವರಿಗೆ ಹಸಿವು ತಗಲುತ್ತದೆ ಎಂಬುದು ಆ ಮನೆಯವರ ನಂಬಿಕೆ. ಆ ಜೋಳವನ್ನು ಅವರು ಜೋಳ ಎಂದು ಕರೆಯುವುದೂ ಇಲ್ಲ. ತುತ್ತು ಎನ್ನುತ್ತಾರೆ.

ಸೊಸೆಗೆ ಅತ್ತೆಯ ಮೇಲೆ ಬಹಳ ಪ್ರೀತಿ. ಅವಳ ಕೈಕೆಲಸವನ್ನು ಹೊರಗಿನವರೂ ನೋಡಬೇಕೆಂದು ಆನ್‌ಲೈನ್ ಅಂಗಡಿ ತೆರೆದಳು. ಉದ್ದ, ಅಗಲ, ತೂಕ ಬರೆದಳು. ಯಾವ ದೇಶಕ್ಕೆ ಕಳಿಸಲು ಎಷ್ಟು ಖರ್ಚು ಎಂಬುದನ್ನು ವಿಚಾರಿಸಿ ತಿಳಿದುಕೊಂಡಳು. ಕೌದಿಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಸಿ ಫೋಟೋ ತೆಗೆದಳು.

"ಏನವಾ, ಕೌದಿ ಫೋಟೋ ತಗ್ಯಾಕತ್ತೀ? ಕನ್ಯಾ ತೋರಸಾಕ ನಿಂತೀಯೇನ?" ಎಂದಳು ಅತ್ತೆ.

"ಹೌದ್ರಿ ಅತ್ತಿ. ದೂರದ ಸಂಬಂಧ ನೋಡಾಕತ್ತೀನಿ."

ಸಂಬಂಧ ಬಂತು. ಚಳಿಯ ದೇಶವೊಂದರಿಂದ ಯಾರೋ ಒಂದು ಕೌದಿ ಕೇಳಿದರು. ಕಳಿಸುವ ಮೊದಲು, ಪಾರ್ಸಲ್‌ನಲ್ಲಿ ಕಾಳು, ಬೀಜ, ಮಣ್ಣು ಇವೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗಿತ್ತು. ಸೊಸೆ ಇಲ್ಲ ಎಂದಳು. ಬೇಕೆಂದು ಹೇಳಿದ ಸುಳ್ಳಲ್ಲ. ಮದುವೆಯಾಗಿ ಬಂದಂದಿನಿಂದ ತುತ್ತು ಎಂದೇ ಕೇಳಿದ್ದವಳಿಗೆ ಅದು ಕಾಳು ಎಂಬುದು ಹೊಳೆಯಲೇ ಇಲ್ಲ.

ಆ ದೇಶದ ಗಡಿಯಲ್ಲಿ ಪಾರ್ಸಲ್‌ಗಳ ಒಳಗನ್ನು ನೋಡುವ ಯಂತ್ರಕ್ಕೆ ಹೊಳೆಯಿತು. ಕಾಳಿನ ಜೊತೆ ಹುಳ ಬಂದು ತಮ್ಮ ಬೆಳೆಗೆ ಹತ್ತೀತು ಎಂದು ಅಲ್ಲಿನ ಅಧಿಕಾರಿಗಳು ಕೌದಿಯನ್ನು ಸುಟ್ಟರು. ಇನ್ನೊಮ್ಮೆ ಹೀಗಾದರೆ ಅಂಗಡಿ ಮುಚ್ಚಬೇಕಾದೀತು ಎಂದು ಸೊಸೆಗೆ ತಿಳಿಸಿದರು.

ಅತ್ತೆ ದಿನವೂ ಕೇಳುತ್ತಿದ್ದಳು, "ಮುಟ್ಟಿತೇನವಾ ನನ್ನ ಕೌದಿ?"

"ಮುಟ್ಟೇತ್ರಿ. ಭಾಳ ಛಲೋ ಐತಿ ಅಂದಾರ್ರಿ."

ಅತ್ತೆಯ ಮನಸ್ಸು ನೋಯಬಾರದು ಎಂದು ಹಾಗೆ ಹೇಳಿದಳು. ಯಾಕೆ ಹೇಳಿದರೂ ಅದು ಸುಳ್ಳು. ಅತ್ತೆ ಅದನ್ನು ನಂಬಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಸ್ವಲ್ಪ ದಿನಕ್ಕೆ ಅದೇ ದೇಶದಿಂದ ಇನ್ನೊಬ್ಬಳು ಕೇಳಿದಳು. ಅವಳು ಬಸುರಿ, ಹುಟ್ಟುವ ಮಗುವಿಗೆ ಪುಟ್ಟ ಕೌದಿ ಬೇಕಂತೆ. ಅತ್ತೆ ಹಿಗ್ಗಿದಳು. ತನ್ನ ಸೀರೆಗಳಲ್ಲಿ ಎಲ್ಲಕ್ಕಿಂತ ಮೆತ್ತಗಿನದನ್ನು ಹುಡುಕಿ ಹರಿದಳು. ಹೊಲಿದು ಹೊಲಿದು ನಡುವಿಗೆ ಬಂದಾಗ ಒಂದು ಚಿಟಿಕೆಯಲ್ಲ, ಒಂದು ಹಿಡಿ ಜೋಳ ಹಾಕಿದಳು. "ಬೆಳೆಯೋ ಕೂಸಲ್ಲೇನು, ಹಸಿವು ಭಾಳ ಇರತೈತಿ" ಎಂದಳು.

ತುತ್ತು ಎಂದರೆ ಕಾಳೇ ಎಂಬುದು ಸೊಸೆಗೆ ಈಗ ಗೊತ್ತಿತ್ತು. ಹಾಗೆಯೇ ಕಳಿಸಿದರೆ ಈ ಕೌದಿಯೂ ಬೂದಿ, ಅಂಗಡಿಯೂ ಹೋಯಿತು. ಹೇಳೋಣವೆಂದರೆ ಹಳೆಯ ಸುಳ್ಳು ಹೊರಬೀಳುತ್ತದೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ತೇಪೆಯ ಹೊಲಿಗೆ ಬಿಚ್ಚಿ, ಕಾಳು ಉದುರಿಸತೊಡಗಿದಳು. ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ದಾರದುಂಡೆ ಹುಡುಕುತ್ತ ಅತ್ತೆ ಒಳಗೆ ಬಂದಳು.

ನೆಲದ ಮೇಲಿನ ಕಾಳು ನೋಡಿದಳು. ಸೊಸೆಯ ಮುಖ ನೋಡಿದಳು.

"ಹಂಗಾರ ಮೊದಲಿನ ಕೌದಿ?"

"ಸುಟ್ಟಾರ್ರಿ ಅತ್ತಿ."

ಅತ್ತೆ ಅಲ್ಲೇ ಕುಳಿತಳು. "ಓಣಿ ತುಂಬ ಹೇಳಕೊಂಡ ಬಂದೆನಲ್ಲ ಹುಚ್ಚಿ. ನನ್ನ ಬಾಯಾಗೂ ಸುಳ್ಳ ತುರುಕಿದಿ."

ಸೊಸೆ ಅತ್ತಳು. ಅತ್ತೆ ಅವಳನ್ನು ಅಳಲು ಬಿಟ್ಟಳು. ಅವಳು ಮೂಗು ಒರೆಸಿಕೊಂಡ ಮೇಲೆ, ಯಾಕೆ ಸುಟ್ಟರು ಎಂದು ಕೇಳಿದಳು. ಸೊಸೆ ಹುಳದ ಮಾತು ಹೇಳಿದಳು.

"ಮತ್ತ ಅವರದೇನು ತಪ್ಪು? ನಮ್ಮ ಬಿತ್ತೋ ಜ್ವಾಳದಾಗ ಮಂದಿ ಹುಳಾ ತಂದ ಬಿಟ್ಟರ ನಾ ಸುಮ್ಮನ ಇರತೀನೇನು? ಇಷ್ಟ ಹೇಳಾಕ ಬಾಗಲಾ ಹಾಕ್ಕೊಂಡ ಕುಂಡ್ರಬೇಕೇನು?"

ಕೌದಿಯನ್ನು ತಾನೇ ಎತ್ತಿ ಕೊಡವಿದಳು. ಪದರದೊಳಗೆ ಬೆರಳು ಹಾಕಿ ತಡಕಿ, ಸಿಕ್ಕಿಕೊಂಡಿದ್ದ ಕಾಳನ್ನೂ ತೆಗೆದಳು. ತೇಪೆ ಹೊಲಿದಳು. ಹೊಲಿದು ಮಡಿಲಲ್ಲೇ ಇಟ್ಟುಕೊಂಡಳು.

"ಕೊಡ್ರಿ ಅತ್ತಿ, ಪಾರ್ಸಲ್ ಒಯ್ಯಾಂವ ಈಗ ಬರತಾನ."

"ತಡಿ. ಹಸಿದದ್ದನ್ನ ಕೂಸಿನ ಮೈಮ್ಯಾಲ ಹ್ಯಾಂಗ ಹೊಚ್ಚಲಿ?"

ಅಷ್ಟರಲ್ಲಿ ಕೊರಿಯರ್‌ನವನು ಬಂದು ಬಾಗಿಲಲ್ಲಿ ನಿಂತ. ಬಿಸಿಲಲ್ಲಿ ಸುತ್ತಿ ಅವನ ಮುಖ ಬಾಡಿತ್ತು. ಅತ್ತೆ ಅವನನ್ನು ನೋಡಿದಳು, ಮಡಿಲಲ್ಲಿದ್ದ ಕೌದಿಯನ್ನು ನೋಡಿದಳು.

"ಏ ತಮ್ಮಾ, ಉಂಡೀಯೇನು?"

"ಎಲ್ಲೀದ್ರಿ ಯವ್ವಾ. ಲಗೂನ ಪಾರ್ಸಲ್ ಕೊಡ್ರಿ, ಇನ್ನೂ ಭಾಳ ಮನಿ ಅದಾವು."

"ಕೈ ತೊಳಕೊಂಡ ಕುಂಡ್ರು. ಈ ಕೌದಿ ಹೊತಗೊಂಡ ಹೋಗಾಂವ ನೀನು. ನೀ ಉಂಡರ ಅದು ಉಂಡಂಗ. ನೀ ಏಳೂತನಕಾ ಅದೂ ಏಳೂದಿಲ್ಲ."

ಅವನು ಸೊಸೆಯ ಮುಖ ನೋಡಿದ. ಅವಳು ಆಗಲೇ ತಾಟು ತರಲು ಒಳಗೆ ಹೋಗಿದ್ದಳು. ಅವನು ರೊಟ್ಟಿ, ಪಲ್ಯ, ಮೊಸರು ಉಂಡ. ಇನ್ನೊಂದು ರೊಟ್ಟಿ ಬೇಡವೆಂದರೂ ಅತ್ತೆ ಕೇಳಲಿಲ್ಲ, "ಅದು ನಿನಗಲ್ಲೋ, ಕೂಸಿಗೆ" ಎಂದು ಬಡಿಸಿದಳು. ಆಮೇಲೆ ಕೌದಿಯನ್ನು ಅವನ ಕೈಗಿತ್ತಳು. ಕಾಳು ಇದೆಯೇ ಎಂಬ ಪ್ರಶ್ನೆಗೆ ಸೊಸೆ ಇಲ್ಲ ಎಂದಳು. ಈ ಸಲ ಅದು ನಿಜವಾಗಿತ್ತು.

ಕೌದಿ ಗಡಿ ದಾಟಿ ಮಗುವನ್ನು ಮುಟ್ಟಿತು. ಅಂಗಡಿ ಉಳಿಯಿತು. ಆ ಮನೆಯಿಂದ ಒಯ್ಯುವುದೇನಾದರೂ ಇದ್ದರೆ ಕೊರಿಯರ್‌ನವನು ಈಗ ಊಟದ ಹೊತ್ತು ನೋಡಿಕೊಂಡೇ ಬರುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

"ತಿಳಿಯಿತು ಗುರುಗಳೇ. ಮುಖ್ಯವಾದದ್ದು ಉಣಿಸುವುದು, ಕಾಳಲ್ಲ. ಕಾಳನ್ನು ಬಿಡಬಹುದು. ನಾನೂ ಅಂಥದನ್ನೇ ಬಿಟ್ಟಿದ್ದೇನೆ. ನಿಮಗೆ ತೊಂದರೆ ಬೇಡವೆಂದು, ನಿಮ್ಮನ್ನು ಕೇಳದೆ, ಪಾಠಗಳನ್ನೆಲ್ಲ ಆಗಲೇ ತಿದ್ದಿ ಅಲ್ಲಿಗೆ ಕಳಿಸಿಯೂ ಆಯಿತು."

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಕಾಳು ಬಿಡಬಹುದು ಎಂದವಳು ಬಾಗಿಲು ಹಾಕಿಕೊಂಡ ಸೊಸೆಯಲ್ಲ, ಮಗೂ."